ಸಾ ದೆಕ್: ಹೊಳೆ ಕಟ್ಟಿದ ಊರು

ವಿಯೆಟ್ನಾಂನ ಮೆಕಾಂಗ್ ಮುಖಜಭೂಮಿಯ ಸಾ ದೆಕ್ ಊರಿನಲ್ಲಿ ಹೊಳೆಗೆ ಮುಖಮಾಡಿ ಒಂದು ಹಳೆಯ ಮನೆ ನಿಂತಿದೆ. ಚೀನೀ ಮೂಲದ ವ್ಯಾಪಾರಿ ಹ್ವಿನ್ ಕಾಮ್ ಥ್ವಾನ್ 1895ರಲ್ಲಿ ಇದನ್ನು ಮರದಲ್ಲಿ ಕಟ್ಟಿಸಿದ. 1917ರಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಿ, ಮುಂಭಾಗಕ್ಕೆ ಫ್ರೆಂಚ್ ಬಂಗಲೆಯ ಕಮಾನುಗಳನ್ನು ಇಡಿಸಿದ. ಹೊಸ್ತಿಲು ದಾಟಿದರೆ ಮಾತ್ರ ಅಪ್ಪಟ ಚೀನೀ ಮನೆ: ಚಿನ್ನದ ಲೇಪ ಹಚ್ಚಿದ ಮರಗೆತ್ತನೆ, ನಡುವೆ ದೇವರ ಪೀಠ.

ಪ್ರವಾಸಿಗರು ಬರುವುದು ಅವನ ಮಗ ಹ್ವಿನ್ ತ್ವಿ ಲೆಗಾಗಿ. ಊರಿನ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯ ಮಗಳು, ಮುಂದೆ ಲೇಖಕಿಯಾದ ಮಾರ್ಗರೀತ್ ದ್ಯುರಾಸ್, ಹದಿಹರೆಯದಲ್ಲಿ ಇವನನ್ನು ಪ್ರೀತಿಸಿದಳು. ಆ ನೆನಪಿನಿಂದ ಹುಟ್ಟಿದ ‘ಲಾಮಾಂ’ ಕಾದಂಬರಿಗೆ 1984ರಲ್ಲಿ ಗೊಂಕೂರ್ ಪ್ರಶಸ್ತಿ ಬಂತು; 1992ರಲ್ಲಿ ಸಿನಿಮಾವೂ ಆಯಿತು. ಸಿನಿಮಾದಲ್ಲಿ ಕಾಣುವ ಮನೆ ಮಾತ್ರ ಇದಲ್ಲ, ಕಾನ್ ಥೋ ನಗರದ ಬಿನ್ ತ್ವಿ ಮನೆ.

ಆದರೆ ಸಾ ದೆಕ್‌ನ ಚರಿತ್ರೆ ಈ ಒಂದು ಪ್ರೇಮಕಥೆಯಲ್ಲಿ ಮುಗಿಯುವಂಥದ್ದಲ್ಲ. ಈ ಊರನ್ನು ಸಾಕಿದ್ದು ಅಕ್ಕಿ. ಫ್ರೆಂಚರ ಕಾಲದಲ್ಲಿ ಇದು ಮುಖಜಭೂಮಿಯ ದೊಡ್ಡ ಅಕ್ಕಿ ಪೇಟೆಗಳಲ್ಲಿ ಒಂದು. ಸುತ್ತಲ ಕಾಲುವೆಗಳಿಂದ ಬಂದ ದೋಣಿಗಳು ಇಲ್ಲಿ ಸೇರಿ, ಸರಕು ಸೈಗಾನಿನತ್ತ ಸಾಗುತ್ತಿತ್ತು.

ನುಚ್ಚೂ ಇಲ್ಲಿ ವ್ಯರ್ಥವಾಗಲಿಲ್ಲ. ಅದನ್ನು ನೆನೆಸಿ, ರುಬ್ಬಿ, ಸೋಸಿ, ನೀರಿನಲ್ಲಿ ತಿಳಿಯಾಗಲು ಬಿಡುತ್ತಾರೆ. ತಳದಲ್ಲಿ ಕೂತ ಬಿಳಿ ಹಿಟ್ಟನ್ನು ಮುರಿದು, ಗಟ್ಟಿ ಗಟ್ಟಿಯಾಗಿ ಬಿದಿರ ತಟ್ಟೆಗಳ ಮೇಲೆ ಬಿಸಿಲಿಗೆ ಹರಡುತ್ತಾರೆ. ಸೋಸಿ ಉಳಿದದ್ದು ಹಿತ್ತಲಿನ ಹಂದಿಗಳಿಗೆ. ಹಿಟ್ಟಿನ ಮನೆಯೆಂದರೆ ಹಂದಿ ಸಾಕುವ ಮನೆಯೂ ಹೌದು. ಎಷ್ಟೋ ಕುಟುಂಬಗಳ ಲಾಭ ಆ ಹಿತ್ತಲಿನಲ್ಲೇ ಇತ್ತು. ಊರಿನ ಹೆಸರು ಹೊತ್ತ ‘ಹು ತಿಯು’ ಶಾವಿಗೆಯ ಬಿಳುಪೂ ನಯವೂ ಈ ಹಿಟ್ಟಿನ ಕೊಡುಗೆಯೇ.

ಪಕ್ಕದ ತಾನ್ ಕ್ವೀ ದೋಂಗ್‌ನಲ್ಲಿ ನೂರು ವರ್ಷಕ್ಕೂ ಮಿಕ್ಕಿ ಹೂವಿನ ಬೇಸಾಯ ನಡೆದುಬಂದಿದೆ. ತಗ್ಗು ನೆಲ, ವರ್ಷವರ್ಷವೂ ನೆರೆ. ನೆಲದಲ್ಲಿ ನೆಟ್ಟ ಗಿಡ ಕೊಳೆತೇ ಹೋಗುತ್ತದೆ. ಅದಕ್ಕೇ ರೈತರು ಮರದ ಅಟ್ಟಣೆ ಕಟ್ಟಿ ಕುಂಡಗಳನ್ನು ಅದರ ಮೇಲೇರಿಸಿದರು. ನೀರು ಅಟ್ಟಣೆಯ ಕೆಳಗೆ ಹರಿದುಹೋಗುತ್ತದೆ. ರೈತ ಸಾಲುಗಳ ನಡುವೆ ಪುಟ್ಟ ದೋಣಿಯಲ್ಲಿ ಸುತ್ತಾಡುತ್ತ ನೀರುಣಿಸುತ್ತಾನೆ, ಮೊಗ್ಗು ಚಿವುಟುತ್ತಾನೆ. ನೆರೆಯನ್ನು ತಡೆಯುವ ಹಟಕ್ಕೆ ಬೀಳದೆ ಅದಕ್ಕೆ ದಾರಿ ಬಿಟ್ಟುಕೊಟ್ಟ ಈ ಜಾಣತನ ಯಾವ ಬಂಗಲೆಯ ಕಮಾನಿಗಿಂತ ಕಡಿಮೆಯದು?

ಚಾಂದ್ರಮಾನ ಹೊಸ ವರ್ಷ ‘ತೆತ್’ ಇಲ್ಲಿನವರ ಸುಗ್ಗಿ. ಅದಕ್ಕೆಂದೇ ಹಳದಿ ಸೇವಂತಿಗೆಯನ್ನು ತಿಂಗಳುಗಟ್ಟಲೆ ಮೊದಲೇ ನೆಡಬೇಕು. ಗಿಡ ಚೆಂಡಿನಂತೆ ದುಂಡಗೆ ತುಂಬಬೇಕು, ಸರಿಯಾಗಿ ಹಬ್ಬದ ವಾರಕ್ಕೇ ಅರಳಬೇಕು. ಮುಂಚೆ ಅರಳಿದರೂ ನಷ್ಟ, ತಡವಾದರೂ ನಷ್ಟ. ಹಬ್ಬ ಹತ್ತಿರವಾದಂತೆ ಕುಂಡಗಳು ದೋಣಿ, ಲಾರಿಗಳನ್ನೇರಿ ಸೈಗಾನಿಗೆ ಹೊರಡುತ್ತವೆ. ವರ್ಷದ ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಪೇಟೆ ಎದ್ದುಬಿಡುತ್ತದೆ. ಅಷ್ಟರೊಳಗೆ ಮಾರದ ಗಿಡ ಸಿಕ್ಕ ಬೆಲೆಗೆ ಹೋಗುತ್ತದೆ.