ಕಂದು ಹಲ್ಲು ಹೇಳಿದ ನೀರಿನ ಕಥೆ

ಪಾವಗಡ, ಬಾಗೇಪಲ್ಲಿ, ಮುಂಡರಗಿಯಂತಹ ತಾಲ್ಲೂಕುಗಳ ಶಾಲೆಯಲ್ಲಿ ಓದಿದವರು ನೀವಾಗಿದ್ದರೆ ಈ ದೃಶ್ಯ ನಿಮಗೆ ಹೊಸದಲ್ಲ. ತರಗತಿಯಲ್ಲಿ ಒಬ್ಬ ಹುಡುಗ ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಮಚ್ಚೆ, ನಡುವೆ ಕಂದು ಪಟ್ಟೆ. "ಹಲ್ಲು ಉಜ್ಜುವುದಿಲ್ಲವೇನೋ?" ಎಂದು ಯಾರಾದರೂ ಗದರಿದರೆ ಅವನು ತಲೆ ತಗ್ಗಿಸುತ್ತಾನೆ. ನಿಜ ಏನೆಂದರೆ, ಅವನು ದಿನಕ್ಕೆ ಹತ್ತು ಸಲ ಉಜ್ಜಿದರೂ ಆ ಕಲೆ ಹೋಗುವುದಿಲ್ಲ. ಅದು ಹಲ್ಲಿನ ಮೇಲೆ ಕೂತ ಕೊಳೆಯಲ್ಲ. ಹಲ್ಲಿನ ಒಳಗೇ ಬೆಳೆದು ಬಂದದ್ದು. ಇದು ಗೊತ್ತಾಗಲು ಪ್ರಪಂಚಕ್ಕೆ ಮೂವತ್ತು ವರ್ಷ ಬೇಕಾಯಿತು. ಆ ಹುಡುಕಾಟ ಶುರುವಾದದ್ದು ನಮ್ಮಿಂದ ಬಹು ದೂರದಲ್ಲಿ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣದಲ್ಲಿ ವೃತ್ತಿ ಆರಂಭಿಸಿದರು. ಪೈಕ್ಸ್ ಪೀಕ್ ಎಂಬ ಗ್ರಾನೈಟ್ ಪರ್ವತದ ಬುಡದಲ್ಲಿರುವ ಊರು ಅದು. ಅಲ್ಲಿ ಹುಟ್ಟಿ ಬೆಳೆದವರಲ್ಲಿ ಬಹಳ ಮಂದಿಯ ಹಲ್ಲು ಕಂದು ಬಣ್ಣಕ್ಕೆ ತಿರುಗಿತ್ತು. ಊರಿನವರನ್ನು ಕೇಳಿದರೆ ಒಬ್ಬರು ಹಂದಿಮಾಂಸ ಅತಿಯಾದದ್ದು ಎಂದರು, ಇನ್ನೊಬ್ಬರು ಹಾಲು ಕೆಟ್ಟದ್ದೆಂದರು, ಮತ್ತೊಬ್ಬರು ಗಡಸು ನೀರೆಂದರು. ಮೆಕೇ ಓದಿದ್ದ ಯಾವ ಪುಸ್ತಕದಲ್ಲೂ ಈ ರೋಗದ ಹೆಸರಿರಲಿಲ್ಲ.

ದಂತವೈದ್ಯಶಾಸ್ತ್ರದಲ್ಲಿ ಆ ಕಾಲದ ಅತಿ ದೊಡ್ಡ ಹೆಸರು ಜಿ.ವಿ. ಬ್ಲ್ಯಾಕ್ ಅವರದು. 1909ರಲ್ಲಿ ಅವರು ಸ್ವತಃ ಆ ಊರಿಗೆ ಬಂದರು. ಅಲ್ಲೇ ಹುಟ್ಟಿದ ಮಕ್ಕಳನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 90 ಮಂದಿಯಲ್ಲಿ ಕಲೆಗಳು ಕಂಡಿದ್ದವು. 1915ರಲ್ಲಿ ಬ್ಲ್ಯಾಕ್ ತೀರಿಕೊಳ್ಳುವವರೆಗೆ ಇಬ್ಬರೂ ಕೂಡಿ ದುಡಿದರು. ಎರಡು ಸಂಗತಿಗಳು ಸ್ಪಷ್ಟವಾದವು. ಹಲ್ಲು ಪೂರ್ತಿ ಬಲಿತ ಮೇಲೆ ಆ ಊರಿಗೆ ಬಂದು ನೆಲೆಸಿದವರಿಗೆ ಕಲೆ ಬರುತ್ತಿರಲಿಲ್ಲ. ಬಾಲ್ಯವನ್ನು ಅಲ್ಲಿ ಕಳೆದವರಿಗೇ ಬರುತ್ತಿತ್ತು. ಎರಡನೆಯದು ಇನ್ನೂ ವಿಚಿತ್ರ: ನೋಡಲು ಅಷ್ಟು ಅಂದಗೆಟ್ಟ ಈ ಹಲ್ಲುಗಳಿಗೆ ಹುಳುಕು ಹಿಡಿಯುವುದು ಕಡಿಮೆ. ಎನಾಮೆಲ್, ಅಂದರೆ ಹಲ್ಲಿನ ಹೊರಕವಚ, ಸರಿಯಾಗಿ ಬೆಳೆಯದಿದ್ದರೆ ಬೇಗ ಹುಳುಕಾಗಬೇಕಿತ್ತು. ಹಾಗಾಗಲಿಲ್ಲ. ಏಕೆ ಎಂಬುದಕ್ಕೆ ಇಬ್ಬರ ಬಳಿಯೂ ಉತ್ತರವಿರಲಿಲ್ಲ.

ಮೆಕೇ ನೀರಿನ ಮೇಲೆ ಅನುಮಾನಪಟ್ಟರು. 1923ರಲ್ಲಿ ಇಡಾಹೊ ರಾಜ್ಯದ ಓಕ್ಲೆ ಎಂಬ ಸಣ್ಣ ಊರಿಗೆ ಹೋದಾಗ ಅಲ್ಲಿನ ತಂದೆತಾಯಂದಿರು ಒಂದು ಮಾತು ಹೇಳಿದರು. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳವೆ ಹಾಕಿಸಿದ ಮೇಲೆಯೇ ಮಕ್ಕಳ ಹಲ್ಲು ಕಂದಾಗತೊಡಗಿದ್ದು ಎಂದು. ಮೆಕೇ ಆ ನೀರನ್ನು ಪರೀಕ್ಷೆ ಮಾಡಿಸಿದರೆ ದೋಷವೇನೂ ಸಿಗಲಿಲ್ಲ. ಆದರೂ ಅವರು ಪ್ರಯೋಗಶಾಲೆಯ ವರದಿಗಿಂತ ಆ ತಾಯಂದಿರ ಮಾತನ್ನೇ ಹೆಚ್ಚು ನಂಬಿದರು. ಕೊಳವೆಯನ್ನು ಬಿಟ್ಟು ಹತ್ತಿರದ ಬೇರೊಂದು ಬುಗ್ಗೆಯ ನೀರು ಕುಡಿಯಿರಿ ಎಂದರು. ಕೆಲವೇ ವರ್ಷಗಳಲ್ಲಿ ಆ ಊರಿನ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲುಗಳು ಮೂಡಿದವು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ದಿಟ್ಟ ಹೆಜ್ಜೆ ಇದೇ. ಕಾರಣ ತಿಳಿಯುವ ಮೊದಲೇ ಪರಿಹಾರ ಸಿಕ್ಕಿತ್ತು.

ಕಾರಣ ಸಿಕ್ಕಿದ್ದು ಒಂದು ಕಂಪನಿಯ ಅಂಜಿಕೆಯಿಂದ. ಆರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬುದು ಅಲ್ಯೂಮಿನಿಯಂ ಕಂಪನಿ ಆಲ್ಕೋವಾದ ಗಣಿ ಊರು. ಅಲ್ಲಿನ ಮಕ್ಕಳ ಹಲ್ಲುಗಳೂ ಕಂದು. ಅಲ್ಯೂಮಿನಿಯಂ ಪಾತ್ರೆ ವಿಷಕಾರಿ ಎಂಬ ಪ್ರಚಾರ ಆಗಲೇ ನಡೆದಿತ್ತು. ಈ ಕಲೆಗೂ ತಮ್ಮ ಲೋಹವನ್ನೇ ದೂರಬಹುದೆಂದು ಕಂಪನಿಯ ಮುಖ್ಯ ರಸಾಯನವಿಜ್ಞಾನಿ ಎಚ್.ವಿ. ಚರ್ಚಿಲ್ ಕಳವಳಗೊಂಡರು. ಸಾಮಾನ್ಯವಾಗಿ ನೀರಿನಲ್ಲಿ ಯಾರೂ ಹುಡುಕದ ಧಾತುಗಳನ್ನೂ ರೋಹಿತದರ್ಶಕದಿಂದ ಹುಡುಕಿಸಿದರು. ಸಿಕ್ಕಿದ್ದು ಫ್ಲೋರೈಡ್, ಅದೂ ಲೀಟರಿಗೆ ಸುಮಾರು 13.7 ಮಿಲಿಗ್ರಾಂ! ಮಾದರಿ ಕೆಟ್ಟಿರಬೇಕೆಂದು ಮತ್ತೊಮ್ಮೆ ತರಿಸಿ ನೋಡಿದರು, ಫಲಿತಾಂಶ ಬದಲಾಗಲಿಲ್ಲ. 1931ರಲ್ಲಿ ಮೆಕೇ ಅವರಿಗೆ ಪತ್ರ ಹೋಯಿತು. ಅವರು ತಾವು ಸುತ್ತಿದ ಊರುಗಳ ನೀರನ್ನು ಕಳುಹಿಸಿದರು. ಎಲ್ಲದರಲ್ಲೂ ಫ್ಲೋರೈಡ್ ಹೆಚ್ಚಿತ್ತು.

ಮುಂದಿನ ಪ್ರಶ್ನೆ ಪ್ರಮಾಣದ್ದು. ಎಷ್ಟಿದ್ದರೆ ಕಲೆ, ಎಷ್ಟಿದ್ದರೆ ರಕ್ಷಣೆ? ಅಮೆರಿಕದ ಸರ್ಕಾರಿ ದಂತವೈದ್ಯ ಟ್ರೆಂಡ್ಲೆ ಡೀನ್ ಊರಿಂದೂರಿಗೆ ಅಲೆದು ಮಕ್ಕಳ ಬಾಯಿ ನೋಡಿದರು, ನೀರು ಅಳೆದರು. ಲೀಟರಿಗೆ ಸುಮಾರು 1 ಮಿಲಿಗ್ರಾಂವರೆಗೆ ಕಣ್ಣಿಗೆ ಬೀಳುವ ಕಲೆ ವಿರಳ, ಆದರೆ ಹುಳುಕು ಗಣನೀಯವಾಗಿ ಕಡಿಮೆ ಎಂಬುದು ಅವರ ತೀರ್ಮಾನ. 1945ರ ಜನವರಿ 25ರಂದು ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ತನ್ನ ಕುಡಿಯುವ ನೀರಿಗೆ ಫ್ಲೋರೈಡ್ ಸೇರಿಸಿತು. ಪ್ರಪಂಚದಲ್ಲೇ ಮೊದಲು. ಸುಮಾರು 30,000 ಶಾಲಾಮಕ್ಕಳ ಮೇಲೆ 15 ವರ್ಷ ನಿಗಾ ಇಡಲಾಯಿತು. ಯೋಜನೆಯ ನಂತರ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇಕಡಾ 60ಕ್ಕೂ ಹೆಚ್ಚು ಇಳಿಯಿತು. ಹೋಲಿಕೆಗೆಂದು ಫ್ಲೋರೈಡ್ ಇಲ್ಲದೆ ಉಳಿಸಿಕೊಂಡಿದ್ದ ಮಸ್ಕೀಗನ್ ಊರಿನವರು ಕೊನೆಯವರೆಗೂ ಕಾಯಲಿಲ್ಲ. 1951ರಲ್ಲೇ ತಮ್ಮ ನೀರಿಗೂ ಬೇಕೆಂದು ಸೇರಿಸಿಕೊಂಡುಬಿಟ್ಟರು!

ಇದು ಹೇಗೆ ಕೆಲಸ ಮಾಡುತ್ತದೆ? ನಾವು ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲ ಉತ್ಪಾದಿಸುತ್ತವೆ. ಆಮ್ಲ ಎನಾಮೆಲ್‌ನ ಖನಿಜವನ್ನು ಕರಗಿಸುತ್ತದೆ. ಜೊಲ್ಲು ಆ ಖನಿಜವನ್ನು ಮತ್ತೆ ತುಂಬುತ್ತದೆ. ಫ್ಲೋರೈಡ್ ಜೊತೆಗಿದ್ದರೆ ತುಂಬುವಿಕೆ ಬೇಗ, ತುಂಬಿದ ಭಾಗವೂ ಗಟ್ಟಿ. ಹೊಟ್ಟೆಗೆ ಹೋದ ಫ್ಲೋರೈಡ್ ಬೆಳೆಯುವ ಹಲ್ಲನ್ನು ಗಟ್ಟಿ ಮಾಡುತ್ತದೆಂದು ಮೊದಲು ತಿಳಿದಿದ್ದರು. ಹಲ್ಲಿನ ಹೊರಮೈಗೆ ತಾಕುವ ಫ್ಲೋರೈಡೇ ಮುಖ್ಯವೆಂದು ಆಮೇಲಿನ ಸಂಶೋಧನೆ ತೋರಿಸಿತು. ಎಂದರೆ ನುಂಗುವ ಅಗತ್ಯ ಹೆಚ್ಚಿಲ್ಲ, ಹಚ್ಚಿದರೆ ಸಾಕು. ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ ಇರುವುದು ಇದಕ್ಕೇ.

ಈಗ ನಮ್ಮ ಕಡೆಗೆ ಬನ್ನಿ. ಅಮೆರಿಕದಲ್ಲಿ ಡೀನ್ ಅಲೆಯುತ್ತಿದ್ದ ಕಾಲದಲ್ಲೇ, 1937ರಲ್ಲಿ, ಮದ್ರಾಸಿನ ಗಿಂಡಿಯಲ್ಲಿದ್ದ ಕಿಂಗ್ ಇನ್‌ಸ್ಟಿಟ್ಯೂಟಿನ ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ ನೆಲ್ಲೂರು ಜಿಲ್ಲೆಯ ಹಳ್ಳಿಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅಲ್ಲಿ ಹಲ್ಲಿನ ಕಲೆ ಬರೀ ಆರಂಭ. ದೊಡ್ಡವರ ಬೆನ್ನುಮೂಳೆ ಬಿಗಿದು, ಕೀಲುಗಳು ಮಡಚಲಾರದಂತಾಗಿದ್ದವು. ಮೂಳೆಯಲ್ಲೂ ಫ್ಲೋರೈಡ್ ಶೇಖರವಾಗುತ್ತದೆಂದು ನಮ್ಮ ದೇಶ ತಿಳಿದದ್ದು ಹೀಗೆ.

ಕರ್ನಾಟಕದ ಬಯಲುಸೀಮೆಯ ನೆಲದಡಿಯೂ ಗ್ರಾನೈಟ್ ಮತ್ತು ಗ್ನೈಸ್ ಬಂಡೆಗಳೇ. ತೆರೆದ ಬಾವಿಗಳು ಬತ್ತಿ, ಕೊಳವೆ ಬಾವಿಗಳು ಆಳಕ್ಕಿಳಿದಂತೆಲ್ಲ, ಬಂಡೆಯೊಡನೆ ಬಹುಕಾಲ ಒಡನಾಡಿದ ನೀರು ಮೇಲೆ ಬಂತು. ಹೀಗಾಗಿ ಅಲ್ಲಿ ಕೊರತೆಯದಲ್ಲ, ಅತಿಯಾದದ್ದರ ಸಂಕಟ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ ಮಾತ್ರ 1.5ರವರೆಗೆ ಒಪ್ಪಬಹುದು. ಇಲ್ಲಿ ಒಂದು ಮಾತು ನೆನಪಿಡಿ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಬಳಸಿ ಫ್ಲೋರೈಡನ್ನು ತಳಕ್ಕೆ ಇಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿತು. ಹಳ್ಳಿಗಳಲ್ಲಿ ಈಗ ಕಾಣುವ ಶುದ್ಧ ನೀರಿನ ಘಟಕಗಳು ಅದಕ್ಕಿಂತ ಈಚಿನವು.

ಚರ್ಚೆ ಇನ್ನೂ ಮುಗಿದಿಲ್ಲ. ನೀರಿಗೆ ಸೇರಿಸುವ ಪ್ರಮಾಣವನ್ನು ಅಮೆರಿಕ 2015ರಲ್ಲಿ 0.7 ಮಿಲಿಗ್ರಾಂಗೆ ಇಳಿಸಿತು. ಟೂತ್‌ಪೇಸ್ಟ್ ಮನೆಮನೆ ತಲುಪಿದ ಈ ಕಾಲದಲ್ಲಿ ನೀರಿನ ಫ್ಲೋರೈಡಿನಿಂದಾಗುವ ಹೆಚ್ಚುವರಿ ಲಾಭ ಹಿಂದಿನಷ್ಟು ದೊಡ್ಡದಲ್ಲವೆಂದು 2024ರ ಕಾಕ್ರೇನ್ ಪರಿಶೀಲನೆ ಹೇಳಿತು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು, 1.5 ಮಿಲಿಗ್ರಾಂಗಿಂತ ಹೆಚ್ಚಿನ ಫ್ಲೋರೈಡಿಗೂ ಮಕ್ಕಳ ಬುದ್ಧಿಮಟ್ಟ ತಗ್ಗುವುದಕ್ಕೂ ಸಂಬಂಧ ಕಾಣುತ್ತಿದೆ, 0.7ರ ಬಗ್ಗೆ ಹೇಳಲು ಆಧಾರ ಸಾಲದು ಎಂದು ವರದಿ ಕೊಟ್ಟಿತು. 2025ರಲ್ಲಿ ಯೂಟಾ ರಾಜ್ಯ ನೀರಿಗೆ ಸೇರಿಸುವುದನ್ನೇ ನಿಷೇಧಿಸಿತು. ಕೆನಡಾದ ಕ್ಯಾಲ್ಗರಿ 2011ರಲ್ಲಿ ನಿಲ್ಲಿಸಿತ್ತು. ಮಕ್ಕಳಲ್ಲಿ ಹುಳುಕು ಹೆಚ್ಚಿದ್ದನ್ನು ಕಂಡು 2025ರಲ್ಲಿ ಮತ್ತೆ ಶುರು ಮಾಡಿತು. ಅವರ ವಾಗ್ವಾದ 0.7ರ ಸುತ್ತ. ನಮ್ಮ ಬಯಲುಸೀಮೆಯ ಎಷ್ಟೋ ಕೊಳವೆ ಬಾವಿಗಳ ನೀರು 1.5ನ್ನೂ ದಾಟಿದ್ದು.

ಮುಂದಿನ ಹಲ್ಲುಗಳ ಎನಾಮೆಲ್ ಬಲಿಯುವುದು ಮಗು ಹುಟ್ಟಿದಂದಿನಿಂದ ನಾಲ್ಕೈದು ವರ್ಷ ತುಂಬುವುದರೊಳಗೆ. ಆದ್ದರಿಂದ ಆ ಹುಡುಗನ ಹಲ್ಲಿನ ಕಂದು ಪಟ್ಟೆ, ಅವನು ನಡೆಯಲು ಕಲಿಯುತ್ತಿದ್ದಾಗ ಕುಡಿದ ನೀರಿನ ದಾಖಲೆ. ನಿಮ್ಮ ಊರಿಗೆ ನದಿ ನೀರು ಬಂದ ವರ್ಷ ಯಾವುದೆಂದು ಹಿರಿಯರನ್ನು ಕೇಳಿ. ಅದಕ್ಕೆ ಹತ್ತು ವರ್ಷ ಮೊದಲು ಹುಟ್ಟಿದ ಅಣ್ಣನ ಹಲ್ಲನ್ನೂ ನಂತರ ಹುಟ್ಟಿದ ತಂಗಿಯ ಹಲ್ಲನ್ನೂ ಪಕ್ಕಪಕ್ಕದಲ್ಲಿ ನೋಡಿ. ಓಕ್ಲೆಯಲ್ಲಿ ಮೆಕೇ ಕಂಡದ್ದು ಇದನ್ನೇ.