ಕೊಪ್ಪರಿಗೆಯ ಕೆಳಗೆ ವರ್ಷವಿಡೀ ಬೆಂಕಿ ಏಕೆ?

ಸಿದ್ದಾಪುರ ತಾಲ್ಲೂಕಿನ ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ತೋಟದ ಲೆಕ್ಕ, ಸೊಸೈಟಿಗೆ ಬರೆಯುವ ಪತ್ರ, ಊರಿನ ತಾಳಮದ್ದಲೆಯ ಕರೆಯೋಲೆ ಎಲ್ಲವೂ ಅದರಲ್ಲೇ ಸಿದ್ಧವಾಗುತ್ತವೆ. ಕಳೆದ ಮಳೆಗಾಲದಲ್ಲಿ ಅದಕ್ಕೆ ಜಡ್ಡು ಹಿಡಿಯಿತು. "ಎಂತ ಮಾಡದು ತಮಾ, ಚಾಲು ಮಾಡಿ ಚಾ ಕುಡ್ಕಂಡು ಬಂದ್ರೂ ಇದು ಏಳ್ತಿಲ್ಲೆ" ಎಂದರು ದೊಡ್ಡಪ್ಪ. ಕರೆಂಟು ಹೋಗುವುದರೊಳಗೆ ಕೆಲಸ ಮುಗಿಸಬೇಕಾದ ಮಲೆನಾಡಿನ ಮನೆಯಲ್ಲಿ ಇದು ಸಣ್ಣ ತೊಂದರೆಯಲ್ಲ.

ತೆರೆದು ನೋಡಿದರೆ ಕಂಪ್ಯೂಟರ್ ಎದ್ದೇಳುವಾಗ ಅದರ ಜೊತೆಗೇ ಎಂಟು ಪುಟ್ಟ ತಂತ್ರಾಂಶಗಳು ಎದ್ದೇಳುತ್ತಿದ್ದವು. ಎಂದೋ ಮಾರಿಹೋದ ಪ್ರಿಂಟರಿನದು ಒಂದು. ಫೈಬರ್ ಸಂಪರ್ಕ ಬಂದ ಮೇಲೆ ಮೂಲೆ ಸೇರಿದ ನೆಟ್ ಸೆಟ್ಟರಿನದು ಇನ್ನೊಂದು. ಕೆಟ್ಟುಹೋದ ಮೊಬೈಲಿನಿಂದ ಫೋಟೋ ಇಳಿಸುವುದು ಮತ್ತೊಂದು. ಕಂಪ್ಯೂಟರನ್ನು ವೇಗಗೊಳಿಸುವೆನೆಂದು ಬಂದು ಕುಳಿತದ್ದು ಇನ್ನೂ ಒಂದು. ನಾನು ಹಿಂದೆಮುಂದೆ ನೋಡದೆ ಎಂಟನ್ನೂ ತಡೆದೆ. ಯಂತ್ರ ಚುರುಕಾಯಿತು. ಆದರೆ ಮರುದಿನ ದೊಡ್ಡಪ್ಪ ಕರೆಯೋಲೆ ಬರೆಯಲು ಕುಳಿತರೆ ಕನ್ನಡವೇ ಮೂಡಲಿಲ್ಲ! ತಡೆದ ಎಂಟರಲ್ಲಿ ಕನ್ನಡ ಕೀಲಿಮಣೆಯ ತಂತ್ರಾಂಶವೂ ಸೇರಿಹೋಗಿತ್ತು. ತಪ್ಪು ನನ್ನದೇ.

ಹೀಗೆ ತೆರೆಮರೆಯಲ್ಲಿ ಓಡುವ ತಂತ್ರಾಂಶಗಳು ಬಂದದ್ದು ಎಲ್ಲಿಂದ? ಅವುಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಅರವತ್ತು ವರ್ಷಕ್ಕೂ ಹಿಂದಿನ ಒಂದು ಕತೆ ತೆರೆದುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಕನ್ನಡ ನಡೆದುಬಂದ ದಾರಿಯೂ ಅದರೊಳಗೇ ಇದೆ.

ತೋಟ ಕಾಯುವ ಚೌಡಿ

1963ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಾಟೊ ಅವರ ತಂಡ ಐಬಿಎಂ 7094 ಎಂಬ ದೊಡ್ಡ ಕಂಪ್ಯೂಟರಿನ ಮೇಲೆ ಕೆಲಸ ಮಾಡುತ್ತಿತ್ತು. ಯಾರೂ ಹೇಳದೆ, ಯಾರಿಗೂ ಕಾಣದೆ, ತನ್ನ ಪಾಡಿಗೆ ಕೆಲಸ ಮಾಡುವ ಕಾರ್ಯಕ್ರಮಗಳನ್ನು ಅವರು ರೂಪಿಸಿದರು. ಕಡತಗಳ ಪ್ರತಿಯನ್ನು ಟೇಪಿಗೆ ಇಳಿಸಿಡುವುದು ಅಂಥ ಮೊದಮೊದಲ ಕೆಲಸಗಳಲ್ಲೊಂದು. ಇವುಗಳಿಗೆ ಅವರಿಟ್ಟ ಹೆಸರು 'ಡೀಮನ್'. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1867ರಲ್ಲಿ ಕಲ್ಪಿಸಿಕೊಂಡಿದ್ದ, ಅಣುಗಳನ್ನು ದಣಿವಿಲ್ಲದೆ ಬೇರ್ಪಡಿಸುತ್ತ ಕೂರುವ ಪುಟ್ಟ ಭೂತ ಈ ಹೆಸರಿಗೆ ಪ್ರೇರಣೆ.

ಹೆಸರು ಕೇಳಿ ಬೆಚ್ಚಬೇಕಿಲ್ಲ. ನಮ್ಮ ತೋಟದ ಅಂಚಿನಲ್ಲಿ ಚೌಡಿ ಇಲ್ಲವೇ? ಕಾಣುವುದಿಲ್ಲ, ಮಾತನಾಡುವುದಿಲ್ಲ, ಆದರೆ ಕಾಯುತ್ತಾಳೆ ಎಂಬುದು ನಂಬಿಕೆ. ಡೀಮನ್ ಕೂಡ ಹಾಗೆಯೇ ಕಾಯುವ ಶಕ್ತಿ. ಮುಂದೆ ಯುನಿಕ್ಸ್ ಕಾರ್ಯಾಚರಣೆ ವ್ಯವಸ್ಥೆ ಇದೇ ಹೆಸರನ್ನು ಉಳಿಸಿಕೊಂಡಿತು. ಮುದ್ರಣದ ಸರದಿ ನೋಡುವುದು, ಅಂಚೆ ತಲುಪಿಸುವುದು, ಗೊತ್ತಾದ ವೇಳೆಗೆ ಗೊತ್ತಾದ ಕೆಲಸ ಮಾಡುವುದು ಎಲ್ಲವೂ ಡೀಮನ್‌ಗಳ ಪಾಲಾಯಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಅಂದಿನ ಯಂತ್ರಗಳನ್ನು ನೋಡಿಕೊಳ್ಳಲು ನುರಿತ ಜನರಿದ್ದರು. ಯಾವ ಡೀಮನ್ ಇರಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವರು ಅವರೇ. ಮನೆಯ ಯಜಮಾನನಿಗೆ ತಿಳಿಯದೆ ಒಬ್ಬ ಆಳೂ ಒಳಗೆ ಬರುತ್ತಿರಲಿಲ್ಲ.

ಹೋದಂತೆ ಮಾಡಿ ಉಳಿದವರು

1981ರಲ್ಲಿ ಐಬಿಎಂ ಪರ್ಸನಲ್ ಕಂಪ್ಯೂಟರ್ ಬಂತು. ಅದರ ಡಾಸ್ ವ್ಯವಸ್ಥೆಗೆ ಒಮ್ಮೆಗೆ ಒಂದೇ ಕೆಲಸ ಗೊತ್ತು. ಪತ್ರ ಬರೆಯುತ್ತಿರುವಾಗ ಲೆಕ್ಕ ಮಾಡಬೇಕೆಂದರೆ ಪತ್ರ ಮುಚ್ಚಬೇಕು, ಲೆಕ್ಕದ ತಂತ್ರಾಂಶ ತೆರೆಯಬೇಕು, ಮುಗಿಸಿ ಮತ್ತೆ ಪತ್ರಕ್ಕೆ ಬರಬೇಕು.

ಇದಕ್ಕೆ ಕಂಡುಕೊಂಡ ಉಪಾಯವೇ 'ಟಿಎಸ್ಆರ್'. ಕೆಲಸ ಮುಗಿಸಿದೆನೆಂದು ಹೇಳಿ ಹೋದಂತೆ ಮಾಡುವುದು, ಆದರೆ ಸ್ಮೃತಿಕೋಶದಲ್ಲಿ ಉಳಿದೇ ಇರುವುದು ಇದರ ಪರಿ. ಉಳಿದ ತಂತ್ರಾಂಶ ಕೀಲಿಮಣೆಯ ಬಾಗಿಲಲ್ಲಿ ಕಾವಲು ಕೂರುತ್ತದೆ. ನಾವು ಒತ್ತಿದ ಪ್ರತಿಯೊಂದು ಕೀಲಿಯೂ ಮೊದಲು ಅದರ ಕೈಗೆ ಹೋಗುತ್ತದೆ. ತನ್ನನ್ನು ಕರೆಯುವ ಕೀಲಿಯಾದರೆ ಎದ್ದು ಬರುತ್ತದೆ. ಅಲ್ಲವಾದರೆ ಮುಂದಕ್ಕೆ ದಾಟಿಸುತ್ತದೆ. 1984ರಲ್ಲಿ ಬೋರ್ಲ್ಯಾಂಡ್ ಕಂಪನಿ ಹೊರತಂದ 'ಸೈಡ್‌ಕಿಕ್' ಹೀಗೆ ಜನಪ್ರಿಯವಾಯಿತು. ಎರಡು ಕೀಲಿ ಒತ್ತಿದರೆ ಸಾಕು, ಬರೆಯುತ್ತಿದ್ದ ಪತ್ರದ ಮೇಲೆಯೇ ಕ್ಯಾಲ್ಕುಲೇಟರ್, ಟಿಪ್ಪಣಿ ಪುಸ್ತಕ, ಕ್ಯಾಲೆಂಡರ್ ಪ್ರತ್ಯಕ್ಷ!

ಆದರೆ ಡಾಸ್‌ನ ಸಾಮಾನ್ಯ ತಂತ್ರಾಂಶಗಳಿಗೆ ಸಿಗುತ್ತಿದ್ದ ಜಾಗ 640 ಕಿಲೋಬೈಟ್ ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೂ ಅದು ಸಾಲದು. ಆ ಕಿರುಕೋಣೆಯಲ್ಲಿ ನಾಲ್ಕಾರು ಟಿಎಸ್ಆರ್‌ಗಳು ಕುಳಿತರೆ ನಿಜವಾದ ಕೆಲಸಕ್ಕೆ ಜಾಗವೇ ಇರುತ್ತಿರಲಿಲ್ಲ. ಮೇಲಾಗಿ, ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರಾದರೆ ಜಗಳವಾಗದೆ ಇದ್ದೀತೇ? ಯಾವುದು ಮೊದಲು ಬರಬೇಕು, ಯಾವುದು ಕೊನೆಗೆ ಎಂಬ ತಕರಾರಿನಲ್ಲಿ ಕಂಪ್ಯೂಟರೇ ಸ್ತಬ್ಧವಾಗುತ್ತಿದ್ದುದುಂಟು.

ಆಗಲೇ ಹುಟ್ಟಿದ್ದು ಬೇಡದ್ದನ್ನು ನಿಲ್ಲಿಸುವ ವಿದ್ಯೆ. ಕಂಪ್ಯೂಟರ್ ಎದ್ದಾಗ ಯಾರನ್ನೆಲ್ಲ ಕರೆಯಬೇಕು ಎಂಬ ಪಟ್ಟಿ ಒಂದು ಸಾಮಾನ್ಯ ಕಡತದಲ್ಲಿರುತ್ತಿತ್ತು. ಬೇಡವಾದ ಸಾಲಿನ ಮುಂದೆ 'ರೆಮ್' ಎಂಬ ಮೂರಕ್ಷರದ ಇಂಗ್ಲಿಷ್ ಪದ ಸೇರಿಸಿದರೆ ಆ ತಂತ್ರಾಂಶ ಏಳುತ್ತಿರಲಿಲ್ಲ. ಅಳಿಸುವಂತಿಲ್ಲ, ಕರೆಯುವಂತೆಯೂ ಇಲ್ಲ. ಬೇಕೆಂದಾಗ ಆ ಪದ ತೆಗೆದರಾಯಿತು. ಇಂದು ನಾವು ಗುಂಡಿ ಒತ್ತಿ ಮಾಡುವ ಕೆಲಸದ ಮೂಲ ರೂಪವಿದು.

ಕನ್ನಡವೂ ಹೊರಜಗಲಿಯಲ್ಲಿ

ಇನ್ನು ದೊಡ್ಡಪ್ಪನ ಕನ್ನಡ ಏಕೆ ಮಾಯವಾಯಿತು ಎಂಬ ಪ್ರಶ್ನೆಗೆ ಬರೋಣ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿಗೆ ಬಂದ ವಿಂಡೋಸ್‌ಗೆ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳು ಬಂದವು. ಆದರೆ 'ಕ'ಗೆ ಒತ್ತು, ಗುಣಿತ ಸೇರಿಸಿ ಸರಿಯಾದ ತುಣುಕನ್ನು ಆರಿಸುವವರು ಯಾರು? ಅದಕ್ಕೊಂದು ಪುಟ್ಟ ತಂತ್ರಾಂಶ ಕೀಲಿಮಣೆಯ ಬಾಗಿಲಲ್ಲಿ ಕೂರಬೇಕಾಯಿತು. ಒತ್ತಿದ ಕೀಲಿಯನ್ನು ನಡುದಾರಿಯಲ್ಲೇ ಹಿಡಿದು, ಕನ್ನಡವಾಗಿಸಿ ಮುಂದೆ ಕಳಿಸುವುದು ಅದರ ಕೆಲಸ. ಉಪಾಯದ ದೃಷ್ಟಿಯಿಂದ ನೋಡಿದರೆ ಇದು ಸೈಡ್‌ಕಿಕ್‌ನ ದಾಯಾದಿ.

ಶೇಷಾದ್ರಿ ವಾಸು ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ', ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದೊಂದಿಗೆ ಸರ್ಕಾರಿ ಕಚೇರಿಗಳನ್ನೂ ಡಿಟಿಪಿ ಅಂಗಡಿಗಳನ್ನೂ ಸೇರಿತು. ಪರದೆಯ ಬಲಮೂಲೆಯಲ್ಲಿ ಅದರ ಚಿಹ್ನೆ ಕಂಡರೆ ಕನ್ನಡ ಇದೆ, ಇಲ್ಲದಿದ್ದರೆ ಇಲ್ಲ ಎಂಬ ಲೆಕ್ಕ. ಒಂದು ಪೀಳಿಗೆಯ ಕನ್ನಡ ಬರವಣಿಗೆ ನಡೆದದ್ದು ಹೀಗೆ ತೆರೆಮರೆಯಲ್ಲಿ ಓಡುತ್ತಿದ್ದ ಪುಟ್ಟ ತಂತ್ರಾಂಶದ ಬಲದಿಂದ.

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ವ್ಯವಸ್ಥೆಯಾದ ಯುನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟನ್ನೂ ಕನ್ನಡ ಕೀಲಿಮಣೆಯನ್ನೂ ತನ್ನೊಳಗೇ ತಂದಿತು. 2019ರಲ್ಲಿ ವಿಂಡೋಸ್ 10ಕ್ಕೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಕೀಲಿಮಣೆಯೂ ಸೇರಿತು. ಹೊರಜಗಲಿಯಲ್ಲಿದ್ದ ಕನ್ನಡ ನಡುಮನೆಗೆ ಬಂದಿತು. ಹೊಸದಾಗಿ ಕಲಿಯುವವರಿಗೆ ಇಂದು ಪ್ರತ್ಯೇಕ ಕಾವಲುಗಾರ ಬೇಕೇಬೇಕೆಂದಿಲ್ಲ. ಹಳೆಯ ವಿನ್ಯಾಸಕ್ಕೆ ಬೆರಳು ಒಗ್ಗಿದವರಿಗೆ, ಹಳೆಯ ಫಾಂಟಿನಲ್ಲೇ ಕಡತ ಇಟ್ಟುಕೊಂಡವರಿಗೆ ಇನ್ನೂ ಬೇಕು. ಯಾರದೋ ಮಾತು ಕೇಳಿ ಎಲ್ಲವನ್ನೂ ನಿಲ್ಲಿಸಬಾರದು ಎನ್ನುವುದು ಇದಕ್ಕೇ.

ಕರೆಯದೆ ಬಂದ ನೆಂಟರು

1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾದಾಗ ಪರದೆಯ ಕೆಳಗೊಂದು ಪಟ್ಟಿ, ಅದರ ಮೂಲೆಯಲ್ಲೊಂದು ಪುಟ್ಟ ಕಿಟಕಿ ಬಂತು. ತೆರೆಮರೆಯವರೆಲ್ಲ ಅಲ್ಲಿ ಮುಖ ತೋರಿಸತೊಡಗಿದರು. ಸ್ಮೃತಿಕೋಶವೂ ಹಿಗ್ಗಿತ್ತು. ಪ್ರಿಂಟರ್ ಕೊಂಡರೆ ಅದರದೊಂದು, ಕ್ಯಾಮೆರಾ ಕೊಂಡರೆ ಅದರದೊಂದು, ಹಾಡು ಕೇಳುವ ತಂತ್ರಾಂಶಕ್ಕೂ ಒಂದು. ವರ್ಷಕ್ಕೊಮ್ಮೆ ಬೇಕಾಗುವವೂ ದಿನವೂ ಎದ್ದು ಕುಳಿತವು. ಬಳಕೆದಾರ ಕರೆದಾಗ ತಡವಾಗಬಾರದು ಎಂಬುದು ತಯಾರಕರು ಕೊಡುವ ಕಾರಣ. ಬಳಕೆದಾರ ತಮ್ಮನ್ನು ಮರೆಯಬಾರದು ಎಂಬುದು ಅವರು ಹೇಳದ ಕಾರಣ.

ಇದರಿಂದ ಯಂತ್ರ ನಿಧಾನವಾಗುವುದು ಹೇಗೆ? ಸ್ಮೃತಿಕೋಶವನ್ನು ಒಲೆಕಟ್ಟೆ ಎಂದೂ ಡಿಸ್ಕನ್ನು ಅಟ್ಟ ಎಂದೂ ಭಾವಿಸಿ. ಒಲೆಕಟ್ಟೆಯ ತುಂಬ ಬೇಡದ ಪಾತ್ರೆಗಳಿದ್ದರೆ, ಅಡುಗೆಯ ನಡುವೆ ಒಂದೊಂದನ್ನೇ ಅಟ್ಟಕ್ಕೆ ಏರಿಸುತ್ತ, ಇಳಿಸುತ್ತ ಇರಬೇಕಾಗುತ್ತದೆ. ಜಾಗ ಸಾಲದಾದಾಗ ಕಂಪ್ಯೂಟರ್ ಮಾಡುವುದೂ ಅದನ್ನೇ. ಎಲ್ಲರೂ ಒಟ್ಟಿಗೇ ಎದ್ದು ಅಟ್ಟಕ್ಕೆ ಕೈಚಾಚುವುದರಿಂದಲೇ ಬೆಳಗಿನ ಆ ಚಹಾ ಕುಡಿಯುವಷ್ಟು ವಿಳಂಬ.

ತಡೆಯುವ ಸಾಧನವೂ ಬಂತು. 1998ರ ವಿಂಡೋಸ್ 98ರಲ್ಲಿ 'ಎಂಎಸ್ ಕಾನ್ಫಿಗ್' ಎಂಬ ಪಟ್ಟಿ ಸಿಕ್ಕಿತು. ಬೇಡವಾದುದರ ಮುಂದಿನ ಗುರುತು ತೆಗೆದರಾಯಿತು. 2012ರ ವಿಂಡೋಸ್ 8 ಈ ಪಟ್ಟಿಯನ್ನು ಟಾಸ್ಕ್ ಮ್ಯಾನೇಜರಿಗೆ ತಂದು, ಯಾವ ತಂತ್ರಾಂಶ ಎಷ್ಟು ಹೊರೆ ಎಂಬುದನ್ನೂ ನಮೂದಿಸಿತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ, 'ಸ್ಟಾರ್ಟಪ್' ವಿಭಾಗ ತೆರೆದರೆ ಇಂದೂ ಅದು ಸಿಗುತ್ತದೆ. 'ಡಿಸೇಬಲ್' ಎಂದರೆ ಅಳಿಸುವುದಲ್ಲ. ಹಳೆಯ 'ರೆಮ್' ಪದದಂತೆ ತಾನಾಗಿ ಏಳದಂತೆ ತಡೆಯುವುದು ಅಷ್ಟೆ. ಬೇಕೆನಿಸಿದಾಗ ನಾವೇ ತೆರೆದುಕೊಳ್ಳಬಹುದು.

ನಿಧಾನವೊಂದೇ ಅಪಾಯವಲ್ಲ

ಒಳಗೆ ಬಿಟ್ಟುಕೊಂಡವರು ಎಷ್ಟು ನಂಬಿಗಸ್ತರು ಎಂಬುದೂ ಮುಖ್ಯ. ಕಸ ಗುಡಿಸುವ ತಂತ್ರಾಂಶವೆಂದೇ ಹೆಸರಾದ 'ಸಿಸಿಕ್ಲೀನರ್'ನ ಒಂದು ಆವೃತ್ತಿಯೊಳಗೆ ದುಷ್ಕರ್ಮಿಗಳು ಕಳ್ಳ ಸಂಕೇತ ಸೇರಿಸಿದ್ದು 2017ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಸುಮಾರು 22 ಲಕ್ಷ 70 ಸಾವಿರ ಬಳಕೆದಾರರ ಯಂತ್ರಗಳನ್ನು ಅದು ಅಧಿಕೃತ ದಾರಿಯಿಂದಲೇ ಹೊಕ್ಕಿತ್ತು. 2024ರ ಜುಲೈ 19ರಂದು 'ಕ್ರೌಡ್‌ಸ್ಟ್ರೈಕ್' ಎಂಬ ಭದ್ರತಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆಯೊಂದು ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ಮಲಗಿಸಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಹಾಗೆಂದು ಭದ್ರತಾ ತಂತ್ರಾಂಶವನ್ನೇ ನಿಲ್ಲಿಸುವುದು ಕಳ್ಳನಿಗೆ ಬಾಗಿಲು ತೆರೆದಂತೆ. ಬೇಕಾದವರೇ ಇಷ್ಟು ಅಪಾಯ ತರಬಲ್ಲರಾದರೆ ಬೇಡದವರನ್ನು ಏಕೆ ಇಟ್ಟುಕೊಳ್ಳಬೇಕು ಎಂಬುದಷ್ಟೇ ಇದರ ಪಾಠ.

ಗುಡ್ಡದ ಮೇಲಿನ ಸಿಗ್ನಲ್

ಇದೇ ಕತೆ ಮೊಬೈಲಿನಲ್ಲೂ ಮುಂದುವರಿದಿದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳ ವಿದ್ಯಾರ್ಥಿಗಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ನಾಡೇ ನೋಡಿದೆ. ಮಳೆಯಲ್ಲಿ ಕೊಡೆ ಹಿಡಿದು, ಕಂಬಳಿಕೊಪ್ಪೆ ಹೊದ್ದು ಪಾಠ ಕೇಳಬೇಕಾದ ಸ್ಥಿತಿ. ಸಿಗುವ ಎಳೆಯಷ್ಟು ಸಿಗ್ನಲಿನಲ್ಲಿ ಪಾಠ ಇಳಿಯುವ ಮೊದಲೇ, ತೆರೆಮರೆಯ ಆ್ಯಪ್‌ಗಳು ತಮ್ಮ ಪರಿಷ್ಕರಣೆ, ಜಾಹೀರಾತುಗಳನ್ನು ಇಳಿಸಿಕೊಳ್ಳಬಲ್ಲವು. ದಿನದ ಡೇಟಾ, ಬ್ಯಾಟರಿ ಎರಡಕ್ಕೂ ಅವೇ ಮೊದಲ ಪಾಲುದಾರರು. ನಗರದವರಿಗೆ ಇದು ಕಿರಿಕಿರಿ ಇರಬಹುದು. ಗುಡ್ಡ ಇಳಿದರೆ ಸಂಪರ್ಕವೇ ಇಲ್ಲದವರಿಗೆ ಅದು ತಪ್ಪಿಹೋದ ಪಾಠ.

ತಯಾರಕರೂ ಇದನ್ನು ಮನಗಂಡಿದ್ದಾರೆ. 2015ರ ಆಂಡ್ರಾಯ್ಡ್ 6ರಲ್ಲಿ, ಸುಮ್ಮನಿಟ್ಟ ಮೊಬೈಲಿನ ಆ್ಯಪ್‌ಗಳನ್ನು ತೂಕಡಿಸುವಂತೆ ಮಾಡುವ ಏರ್ಪಾಡು ಬಂತು. 2017ರ ಆಂಡ್ರಾಯ್ಡ್ 8 ಹಿನ್ನೆಲೆ ಕೆಲಸಗಳಿಗೆ ಮಿತಿ ಹಾಕಿತು. 2021ರ ಆಂಡ್ರಾಯ್ಡ್ 12, ತಿಂಗಳುಗಟ್ಟಲೆ ಮುಟ್ಟದ ಆ್ಯಪನ್ನು ದೀರ್ಘನಿದ್ರೆಗೆ ಕಳಿಸುತ್ತದೆ. ಬಳಕೆದಾರರೂ ಸೆಟ್ಟಿಂಗ್ಸ್‌ನಲ್ಲಿ 'ಡೇಟಾ ಸೇವರ್' ಹಾಕಿಕೊಂಡು, ಅಪರೂಪದ ಆ್ಯಪ್‌ಗಳ ಹಿನ್ನೆಲೆ ಡೇಟಾ ತಡೆಯಬಹುದು. ವೇಗ ಹೆಚ್ಚಿಸುವೆವೆಂದು ಬರುವ 'ಬೂಸ್ಟರ್' ಆ್ಯಪ್‌ಗಳು ಮಾತ್ರ ಬೇಡ. ಅವೂ ಹಿನ್ನೆಲೆಯಲ್ಲಿ ಕೂರುವವೇ.

ಮೂರು ಪ್ರಶ್ನೆಗಳು

ಯಾವುದನ್ನು ನಿಲ್ಲಿಸುವ ಮೊದಲೂ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಇದು ಏನು ಮಾಡುತ್ತದೆ? ನಾನು ಕರೆಯದಿದ್ದಾಗಲೂ ಇದು ಕೆಲಸ ಮಾಡುತ್ತಿರಬೇಕೇ? ನಿಲ್ಲಿಸಿದರೆ ಏನು ನಿಲ್ಲುತ್ತದೆ? ಮೊದಲ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಕೈ ಹಾಕದಿರುವುದು ಲೇಸು. ಒಮ್ಮೆಗೆ ಒಂದನ್ನೇ ನಿಲ್ಲಿಸಿ, ಒಂದೆರಡು ದಿನ ನೋಡುವುದು ಜಾಣತನ. ನಾನು ಮಾಡದಿದ್ದದ್ದು ಇದನ್ನೇ.

ಇಷ್ಟೆಲ್ಲ ವಿವರಿಸಿದ ಮೇಲೆ ದೊಡ್ಡಪ್ಪ ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಆಲೆಮನೆ ಮುಗಿದ ಮೇಲೆ ಕೊಪ್ಪರಿಗೆಯನ್ನು ತೊಳೆದು ಕವುಚಿ ಇಡುತ್ತೇವೆ. ಮಾರುವುದೂ ಇಲ್ಲ, ಎಸೆಯುವುದೂ ಇಲ್ಲ. ಮುಂದಿನ ವರ್ಷ ಕಬ್ಬು ಬರುತ್ತದೆಂದು ವರ್ಷವಿಡೀ ಅದರ ಕೆಳಗೆ ಬೆಂಕಿ ಹಾಕುವವರು ಯಾರಿದ್ದಾರೆ? "ಕೊಪ್ಪರಿಗೆ ಮನೇಲಿ ಇರ್ಲಿ, ಒಲೆ ಮೇಲೆ ಬ್ಯಾಡ" ಎಂದರು.

ಕೊನೆಗೆ ಎಂಟರಲ್ಲಿ ಮೂರನ್ನು ಪೂರ್ತಿ ತೆಗೆದುಹಾಕಿದೆವು. ನಾಲ್ಕನ್ನು ತಾನಾಗಿ ಏಳದಂತೆ ತಡೆದೆವು. ಕನ್ನಡದ್ದನ್ನು ಮಾತ್ರ ಅದರ ಜಾಗಕ್ಕೆ ಮರಳಿ ಕೂರಿಸಿದೆವು. ದೊಡ್ಡಪ್ಪನ ಬೆರಳುಗಳಿಗೆ ಹಳೆಯ ಕೀಲಿಮಣೆಯೇ ಒಗ್ಗಿದೆ. ಆ ಸಂಜೆ ಕರೆಂಟು ಹೋಗುವ ಮೊದಲೇ ತಾಳಮದ್ದಲೆಯ ಕರೆಯೋಲೆ ಸಿದ್ಧವಾಗಿತ್ತು.