ಕೂತಲ್ಲೇ ಕುಣಿದವಳು

ಮೈಸೂರು ಶೈಲಿಯ ಭರತನಾಟ್ಯ ಅಂದ್ರೆ ನನಗೆ ಮೊದಲು ನೆನಪಾಗೋದು ತೀರಿಹೋದ ನನ್ನ ಗೆಳತಿ. ಇಬ್ಬರಿಗೂ ಡ್ಯಾನ್ಸಿನ ಹುಚ್ಚು. ಅವಳಿಗೆ ಜತಿ ಬೇಕು, ನನಗೆ ಅಭಿನಯ. ಜಗಳ ಹತ್ತಿದಾಗೆಲ್ಲ ನಾನು ಮೈಸೂರು ಅರಮನೆಯ ನರ್ತಕಿ ಜಟ್ಟಿ ತಾಯಮ್ಮನವರನ್ನು (1857-1947) ಎಳೆದು ತರ್ತಿದ್ದೆ. ಅಭಿನಯಕ್ಕೇ ಹೆಸರಾದವರು. ಅವರ ಶಿಷ್ಯೆ ವೆಂಕಟಲಕ್ಷಮ್ಮ ಹುಟ್ಟಿದ್ದು 1906ರಲ್ಲಿ, ಕಡೂರು ಕಡೆಯ ಲಂಬಾಣಿ ಕುಟುಂಬದಲ್ಲಿ. ಎಂಟರ ವಯಸ್ಸಿಗೆ ತಾಯಮ್ಮನವರ ಹತ್ತಿರ ಸೇರಿದ ಹುಡುಗಿ ಮುಂದೆ ಆಸ್ಥಾನ ನರ್ತಕಿಯಾದರು. ಅರಮನೆಯ ಕಾಲ ಮುಗಿದ ಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲೂ ಕಲಿಸಿದರು. ಪದ್ಮಭೂಷಣ ಬಂದಿದ್ದು 1992ರಲ್ಲಿ, ತೀರಿಕೊಂಡಿದ್ದು 2002ರಲ್ಲಿ. ಪದ, ಜಾವಳಿಗಳನ್ನು ಕೂತಲ್ಲೇ ಅಭಿನಯಿಸೋದು, ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸಿ ಪ್ರತಿ ಸಲ ಬೇರೆ ಭಾವ ತೋರಿಸೋದು... ನೋಡಿದವರಿಗೆ ಗೊತ್ತು ಅದರ ಸೊಗಸು!

“ಹೋಗೇ, ಕಾಲೇ ಆಡ್ದಿದ್ರೆ ಅದೆಂಥ ಡ್ಯಾನ್ಸು?” ಅಂತಿದ್ದಳು ಅವಳು.

ಕೊನೆಯ ತಿಂಗಳುಗಳಲ್ಲಿ ಅವಳಿಗೆ ಹಾಸಿಗೆಯಿಂದ ಏಳೋಕೂ ಆಗ್ತಿರಲಿಲ್ಲ. ಒಂದಿನ ತಾನಾಗೇ ಕೇಳಿದಳು, “ಆ ಕೂತು ಮಾಡೋದಿದ್ಯಲ್ಲ, ಅದನ್ನ ಹೇಳ್ಕೊಡೇ.” ದಿಂಬಿಗೆ ಒರಗಿಕೊಂಡೇ ಒಂದು ಜಾವಳಿ ಕಲಿತಳು. ಹುಬ್ಬು ಕುಣಿಸೋದರಲ್ಲಿ ನನ್ನನ್ನೂ ಮೀರಿಸಿಬಿಟ್ಟಳು, ಕಳ್ಳಿ! ಈಗ ಆ ಜಾವಳಿ ಮಾಡುವಾಗ ಎರಡನೇ ಸಾಲಿಗೆ ನನ್ನ ಹುಬ್ಬು ಏಳೋದು ಥೇಟ್ ಅವಳ ಹಾಗೇ.